ಒಂಬತ್ತನೇ ಬಿ, ಹಟ್ಟಿ

ಖೋಖೋ ಕಂಬಕ್ಕೆ ಮೌನೇಶನನ್ನು ನಿಲ್ಲಿಸಿದೆ,
ನಳದ ಕಟ್ಟೆಗೆ ರಜಿಯಾಳನ್ನು,
ಬಿಸಿಯೂಟದ ಕೋಣೆಯ ಮೂಲೆಗೆ ಗದ್ದೆಮ್ಮನನ್ನು.
"ನೀವು ಮೂವರೂ ಈಗ ಉಪಗ್ರಹ. ಅಲುಗಾಡಬಾರದು."
ಅಲುಗಾಡಿದರು. ನಕ್ಕರು. ಉಪಗ್ರಹವೊಂದು
ಅಂಗಿಯ ತೋಳಿಗೆ ಮೂಗು ಒರೆಸಿಕೊಂಡಿತು.

ಹಗ್ಗ ಅಮರೇಶನ ಮನೆಯದು,
ಎಳೆಗಳ ನಡುವೆ ಇನ್ನೂ ಜೋಳದ ಹೊಟ್ಟು.
ಮೂರು ತುಂಡು ಮಾಡಲು ಅವನಜ್ಜ ಒಪ್ಪಿಲ್ಲ;
ಒಂದೇ ಹಗ್ಗ ಮೂರು ಕಡೆ ದುಡಿಯಬೇಕು.

ಮೊದಲ ಸುತ್ತು, ಹದಿನೆಂಟು ಮೀಟರ್.
ತುದಿಯಲ್ಲಿ ಸುಣ್ಣದ ಡಬ್ಬಿ ಹಿಡಿದು ಓಡಿದಳು ಹುಲಿಗೆಮ್ಮ.
"ಕಂಬಕ್ಕೆ ನಿನ್ನ ದೂರವಷ್ಟೇ ಗೊತ್ತು.
ಹಾಗಾದರೆ ನೀನೆಲ್ಲಿದ್ದೀ?"
"ಈ ಗೆರಿ ಮ್ಯಾಲ ಎಲ್ಲಿ ಬೇಕಾದ್ರ ಅಲ್ಲಿ, ಟೀಚರ್."
ಎರಡನೇ ಸುತ್ತು ಮೊದಲನೆಯದನ್ನು ಎರಡು ಕಡೆ ಕಡಿಯಿತು,
ಒಂದು ಬಿಂದು ಮೈದಾನದಲ್ಲಿ,
ಇನ್ನೊಂದು ಕಾಂಪೌಂಡಿನಾಚೆ, ಪಂಕ್ಚರ್ ಅಂಗಡಿಯಲ್ಲಿ.
ಮೂರನೆಯದು ಪಂಕ್ಚರ್ ಅಂಗಡಿಯನ್ನು ಕೈಬಿಟ್ಟಿತು.

ಆದರೆ ಮೂರೂ ಗೆರೆ ಒಂದೆಡೆ ಕೂಡಲಿಲ್ಲ.
ನಡುವೆ ಉಳಿಯಿತೊಂದು ತ್ರಿಕೋನ,
ಕೋಳಿ ಕಾವು ಕೂರುವಷ್ಟು.
ಪುಸ್ತಕದ ಚಿತ್ರದಲ್ಲಿ ಇದಿಲ್ಲ.
"ಹಗ್ಗ ಹಿಗ್ಗೇದ."
"ರಜಿಯಾ ಸರದಾಳ."
"ಸುಳ್ಳು! ನಾ ಎಲ್ಲಿ ಸರದೀನಿ?"

ಆಗ ಗಡಿಯಾರದ ಮಾತು ತೆಗೆದೆ.
ಮೇಲಿನವಕ್ಕೆ ಹಗ್ಗವಿಲ್ಲ;
ಅಲೆ ಹೊರಟ ಹೊತ್ತು, ಬಂದು ಮುಟ್ಟಿದ ಹೊತ್ತು,
ನಡುವೆ ಕಳೆದದ್ದೇ ಹಗ್ಗ.
ಅವುಗಳ ಗಡಿಯಾರ ಅಪ್ಪಟ. ನಮ್ಮ ಫೋನಿನದು ಮಾತ್ರ
ಖಾಜಾಸಾಬರ ಗಂಟೆಯ ಹಾಗೆ,
ಗಣಿಯ ಭೋಂಗಾಕ್ಕಿಂತ ಯಾವತ್ತೂ ನಾಲ್ಕು ನಿಮಿಷ ಮುಂದೆ.
ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ
ಮುನ್ನೂರು ಮೀಟರ್ ತಪ್ಪು:
ಪರೀಕ್ಷೆಗೆಂದು ಹೊರಟವರು ಬಸ್‌ಸ್ಟ್ಯಾಂಡಿನಲ್ಲಿ.
ಅದಕ್ಕೇ ನಾಲ್ಕನೆಯದು ಬೇಕು,
ನಮ್ಮ ಹೊತ್ತು ತಿದ್ದಲಿಕ್ಕೆ.

ಹುಲಿಗೆಮ್ಮ ತ್ರಿಕೋನದೊಳಗೆ ನಿಂತೇ ಕೇಳಿದಳು,
ಪಾದದ ತುಂಬ ಸುಣ್ಣ:
"ಟೀಚರ್, ನಮ್ಮಪ್ಪ ಎರಡನೇ ಪಾಳಿಗೆ ಇಳದಾನ್ರಿ.
ನಾಕೂ ಸೇರಿ ಅವನ್ನ ಎಲ್ಲಿ ತೋರಸ್ತಾವ?"

ಬಂಡೆಯೊಳಗೆ ಆ ಅಲೆ ಇಳಿಯುವುದಿಲ್ಲ ಎಂದೆ.
ನೀಲಿ ಚುಕ್ಕೆ ಶಾಫ್ಟಿನ ಬಾಯಲ್ಲೇ ಕೂತಿರುತ್ತದೆ,
ಒಳಗೆ ಹೋದವರ ಚಪ್ಪಲಿ ಬಾಗಿಲಲ್ಲಿರುವ ಹಾಗೆ.
ಹೇಳಿ ಮುಗಿಸಿದ ಮೇಲೆ ಎದೆ ಚುರ್ ಎಂದಿತು:
ಮೂವತ್ತೊಂದು ಮಕ್ಕಳಲ್ಲಿ ಹತ್ತೊಂಬತ್ತು ಮಂದಿಯ
ಅಪ್ಪನೋ ಮಾವನೋ ಅಣ್ಣನೋ
ಈ ಊರಿನ ನೆಲದಡಿ.

ಅವಳಿಗೇನೂ ಅನ್ನಿಸಲಿಲ್ಲ.
"ಅಲ್ಲಿ ಒಂದ ಹಗ್ಗ ಸಾಕ್ರಿ. ಕೇಜಿಂದು.
ನೆಟ್ಟಗ ಇಳೀತದ. ಇಳದು
ಬಲಕ್ಕ ಏಳ್ನೂರಾ ಹನ್ನೆರಡು ಹೆಜ್ಜಿ,
ಆಮ್ಯಾಲ ಎಡಕ್ಕ ನಲವತ್ತು.
ಅಪ್ಪ ದಿನಾ ಎಣಸ್ತಾನ.
ಲೈಟ್ ಹೋದ್ರ ಬೇಕಾಗ್ತದಂತ."

"ಒಂದು ಹೆಜ್ಜೆ ಎಷ್ಟುದ್ದ?"
ಅದು ಅವಳಿಗೆ ಗೊತ್ತಿರಲಿಲ್ಲ.
ಕಾಲು ಚಾಚಿದಳು. ಸಾಲದೆಂದು ಇನ್ನಷ್ಟು ಚಾಚಿದಳು.
"ಇಷ್ಟು. ಬೂಟ್ ಹಾಕ್ಕೊಂಡ್ರ ಇನ್ನೊಂದು ಗೇಣು."
ಖೋಖೋ ಕಂಬವೇ ಶಾಫ್ಟ್ ಎಂದುಕೊಂಡು ಹೊರಟಳು,
ಅಪ್ಪನ ಹೆಜ್ಜೆ ಹಾಕುತ್ತಾ, ಲಂಗ ತೊಡರಿಸಿಕೊಳ್ಳುತ್ತಾ.
ಹಿಂದೆ ಇಡೀ ಒಂಬತ್ತನೇ ಬಿ ಎಣಿಸುತ್ತಾ:
ಹತ್ತು, ಹನ್ನೊಂದು, ಉಪಗ್ರಹಗಳೂ ಜಾಗ ಬಿಟ್ಟು ಬಂದವು,
ಐವತ್ತು, ಐವತ್ತೊಂದು.

ಅರವತ್ತಾರಕ್ಕೆ ಕಾಂಪೌಂಡು ಅಡ್ಡ ಬಂತು.
ಅವಳು ಗೋಡೆಗೆ ಅಂಗೈ ಊರಿ ನಿಂತಳು.
ಆರುನೂರಾ ನಲವತ್ತಾರು ಬಾಕಿ.

ಖಾಜಾಸಾಬರು ಗಂಟೆ ಹೊಡೆದರು.
ಭೋಂಗಾ ಇನ್ನೂ ಕೂಗಿರಲಿಲ್ಲ.
ಆ ನಾಲ್ಕು ನಿಮಿಷ ಯಾರೂ ಚೀಲಕ್ಕೆ ಓಡಲಿಲ್ಲ.
ಅಮರೇಶ ಮಾತ್ರ ಮೊಣಕೈಗೂ ಹೆಬ್ಬೆರಳಿಗೂ
ಹಗ್ಗ ಸುತ್ತತೊಡಗಿದ,
ಎಷ್ಟು ಹಿಗ್ಗೇದ ಅಂತ ಅಜ್ಜ ಕೇಳಿದ್ರ
ಏನ್ ಹೇಳ್ಲಿ ಟೀಚರ್, ಎನ್ನುತ್ತಾ.